ಒಂದು ನೆಲೆ, ಒಂದು ಒಲೆ, ನಾಲ್ಕು ದಿನ

ಕುಟುಂಬದ ಪ್ರವಾಸದಲ್ಲಿ ದುಡ್ಡು ಮೂರು ದಾರಿಯಲ್ಲಿ ಹೋಗುತ್ತದೆ: ಓಡಾಟ, ವಸತಿ, ಊಟ. ಟಿಕೆಟ್ ದರ ಮೊದಲೇ ಗೊತ್ತಿರುತ್ತದೆ. ಕೋಣೆಯ ಬಾಡಿಗೆಯನ್ನು ಫೋನಿನಲ್ಲೇ ಚೌಕಾಸಿ ಮಾಡಬಹುದು. ಊಟದ ಖರ್ಚಿಗೆ ಮಾತ್ರ ಲಗಾಮಿಲ್ಲ. ಬೆಳಿಗ್ಗೆ ಇಡ್ಲಿ-ವಡೆ, ಹನ್ನೊಂದಕ್ಕೆ ಮಕ್ಕಳಿಗೆ ಬಿಸ್ಕತ್ತು, ಮಧ್ಯಾಹ್ನ ಊಟ, ನಾಲ್ಕು ಗಂಟೆಗೆ ಕಾಫಿ-ಬಜ್ಜಿ, ರಾತ್ರಿ ಮತ್ತೆ ಹೋಟೆಲ್. ಚಿಲ್ಲರೆ ಚಿಲ್ಲರೆಯಾಗಿ ಹೋದ ಹಣದ ಒಟ್ಟು ಮೊತ್ತ ತಿಳಿಯುವುದು ಊರಿಗೆ ಮರಳಿ ಪರ್ಸು ಬಿಚ್ಚಿದಾಗಲೇ. ಈ ಸೋರಿಕೆ ನಿಲ್ಲಿಸಲು ಹಳೆಯದೊಂದು ಉಪಾಯವಿದೆ: ಒಲೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು. ಅಡುಗೆಮನೆ ಇರುವ ಬಿಡಾರವೊಂದನ್ನು ಒಂದೇ ಊರಲ್ಲಿ ಹಿಡಿದು, ಅಲ್ಲೇ ಬೇಯಿಸಿ, ಬುತ್ತಿ ಕಟ್ಟಿಕೊಂಡು ಸುತ್ತಮುತ್ತಲ ಜಾಗ ನೋಡಿ, ಸಂಜೆಗೆ ಮರಳಿ ಅದೇ ಬಿಡಾರಕ್ಕೆ ಬರುವುದು.

ಇಂಥ ಪ್ರವಾಸಕ್ಕೆ ಶಿವಮೊಗ್ಗ ಮತ್ತು ಭದ್ರಾವತಿ ಹೇಳಿ ಮಾಡಿಸಿದ ಜೋಡಿ. ಒಂದು ತುಂಗೆಯ ದಂಡೆಯಲ್ಲಿದೆ, ಇನ್ನೊಂದು ಭದ್ರೆಯ ದಂಡೆಯಲ್ಲಿ. ನಡುವೆ ಇರುವುದು ಸುಮಾರು 20 ಕಿ.ಮೀ. ಎರಡೂ ಊರಿಗೆ ರೈಲಿದೆ, ಬಸ್ಸಿದೆ, ತರಕಾರಿ ಸಂತೆಯಿದೆ. ಆನೆ ಬಿಡಾರ, ಸಿಂಹಧಾಮ, ಅಣೆಕಟ್ಟೆ, ಹೊಯ್ಸಳ ಗುಡಿ, ನದಿಗಳ ಸಂಗಮ ಎಲ್ಲವೂ ಅರ್ಧ ದಿನದಲ್ಲಿ ಹೋಗಿಬರುವಷ್ಟು ಹತ್ತಿರ. ಹಲವು ಕಡೆ ಪ್ರವೇಶ ಶುಲ್ಕವೇ ಇಲ್ಲ. ದಿನಕ್ಕೊಂದು ಊರಿಗೆ ಗಂಟುಮೂಟೆ ಹೊತ್ತು ಅಲೆಯುವ ಪ್ರವಾಸದಲ್ಲಿ ಒಲೆ ಹೂಡಲಾಗದು. ನೆಲೆ ಒಂದೇ ಕಡೆ ನಿಂತರೆ ಮಾತ್ರ ಅಡುಗೆ ಸಾಧ್ಯ, ಉಳಿತಾಯವೂ ಸಾಧ್ಯ.

60 ಎಲೆಯ ಲೆಕ್ಕ

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ. ಈ ಐವರು ನಾಲ್ಕು ದಿನ, ಮೂರು ರಾತ್ರಿಯ ಪ್ರವಾಸ ಹೊರಟರೆಂದು ಇಟ್ಟುಕೊಳ್ಳಬಹುದು. ದಿನಕ್ಕೆ ಮೂರು ಹೊತ್ತಿನಂತೆ 12 ಹೊತ್ತು, ಐವರಿಗೆ 60 ಎಲೆ. ಒಂದು ಎಲೆಗೆ ಸರಾಸರಿ 80 ರೂಪಾಯಿ ಹಿಡಿದರೂ 4,800 ರೂಪಾಯಿ ಆಯಿತು. ದಿನಕ್ಕೆರಡು ಸಲ ಕಾಫಿ, ಟೀ, ಹಾಲು ಎಂದರೆ ಇನ್ನೂ 40 ಲೋಟ. ಕುರುಕಲು ತಿಂಡಿಯ ಲೆಕ್ಕ ಬೇರೆ.

ಒಲೆ ಇರುವ ಬಿಡಾರಕ್ಕೆ ಬಾಡಿಗೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ರಾತ್ರಿಗೆ 500 ರೂಪಾಯಿ ಹೆಚ್ಚಾದರೆ ಮೂರು ರಾತ್ರಿಗೆ 1,500. ಅಡುಗೆಯಿಂದ ಉಳಿಯುವ ಹಣ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಒಲೆ ಲಾಭದ್ದು. ಇಬ್ಬರೇ ಹೋದಾಗ 12 ಹೊತ್ತಿಗೆ ಆಗುವುದು 24 ಎಲೆ. ಅಷ್ಟರಲ್ಲಿ ಹೆಚ್ಚಿನ ಬಾಡಿಗೆ ಗಿಟ್ಟುವುದು ಕಷ್ಟ. ಅವರಿಗೆ ಹೋಟೆಲ್ ಊಟವೇ ಸರಿ. ತಲೆ ಹೆಚ್ಚಾದಂತೆ ತೂಕ ಒಲೆಯ ಕಡೆಗೆ ವಾಲುತ್ತದೆ. ಹೋಟೆಲ್ ಬಿಲ್ಲು ತಲೆ ಎಣಿಸಿ ಏರುತ್ತದೆ, ಕುಕ್ಕರಿಗೆ ಮಾತ್ರ ಇಬ್ಬರಿಗೂ ಐವರಿಗೂ ಅದೇ ಮೂರು ಸೀಟಿ. ಎರಡು ಸಂಸಾರ ಸೇರಿ ಒಂದೇ ಮನೆ ಹಿಡಿದರೆ ಬಾಡಿಗೆಯೂ ಅರ್ಧವಾಗಿ ಲೆಕ್ಕ ಇನ್ನಷ್ಟು ಹಗುರಾಗುತ್ತದೆ.

ಹಾಗೆಂದು 60 ಎಲೆಯನ್ನೂ ಬಿಡಾರದಲ್ಲೇ ಹಾಕಬೇಕಿಲ್ಲ. 12 ಹೊತ್ತಿನ ಒಳ್ಳೆಯ ಹಂಚಿಕೆ ಹೀಗೆ: ಮೊದಲ ದಿನದ ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ಮನೆಯಿಂದ ಕಟ್ಟಿ ತಂದ ಬುತ್ತಿ. ಏಳು ಹೊತ್ತು ಬಿಡಾರದ ಅಡುಗೆ, ಅದರಲ್ಲಿ ಎರಡು ಹೊತ್ತಿನದು ಮಧ್ಯಾಹ್ನಕ್ಕೆ ಕಟ್ಟಿ ಒಯ್ಯುವ ಬುತ್ತಿ. ಎರಡು ಹೊತ್ತು ಹೋಟೆಲ್. ಕೊನೆಯ ರಾತ್ರಿಯ ಊಟ ಮನೆ ತಲುಪಿದ ಮೇಲೆ. ಹೋಟೆಲಿಗೆ ಹೋಗುವ ಆ ಎರಡು ಹೊತ್ತು ಮನೆಯಲ್ಲಿ ಮಾಡದ್ದನ್ನೇ ತಿನ್ನುವುದು ಜಾಣತನ. ಅಕ್ಕಿ ರೊಟ್ಟಿ, ನೀರ್ ದೋಸೆ, ಕಡುಬು ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಸುಲಭವಾಗಿ ಸಿಗುತ್ತವೆ. ಮಾಂಸಾಹಾರಿಗಳಿಗೆ ಕಡುಬು-ಕೋಳಿ ಸಾರು, ಹೊಳೆ ಮೀನು ಇವೆ. ಅಡುಗೆಗೆ ಪುರಸೊತ್ತೇ ಇಲ್ಲದ ದಿನಕ್ಕೆ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡುವ ಇಂದಿರಾ ಕ್ಯಾಂಟೀನ್ ಶಿವಮೊಗ್ಗದಲ್ಲಿದೆ.

ಛತ್ರದಿಂದ ಹೋಂಸ್ಟೇವರೆಗೆ

ಹೋದಲ್ಲಿ ಬೇಯಿಸಿ ಉಣ್ಣುವುದು ಈ ಸೀಮೆಗೆ ಹೊಸದೇನಲ್ಲ. ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಟವರು ಅಕ್ಕಿ, ಬೇಳೆ, ಪಾತ್ರೆಗಳನ್ನು ಗಾಡಿಯಲ್ಲೇ ಒಯ್ಯುತ್ತಿದ್ದರು. ಮರದಡಿ ಮೂರು ಕಲ್ಲು ಹೂಡಿದರೆ ಅದೇ ಅಡುಗೆಮನೆ. ಊರೂರ ಛತ್ರಗಳು, ಮೈಸೂರು ಸಂಸ್ಥಾನದ ಕಾಲದ ಮುಸಾಫಿರ್‌ಖಾನೆಗಳು ದಾರಿಹೋಕರಿಗೆ ಸೂರು ಮತ್ತು ನೀರು ಕೊಡುತ್ತಿದ್ದವು. ದವಸ ಬಂದವರದ್ದು, ಬೆಂಕಿಯೂ ಅವರದ್ದೇ. ಶಿವಮೊಗ್ಗ ಜಿಲ್ಲೆಯ ರೈತರು ಇಂದಿಗೂ ಆಚರಿಸುವ ಭೂಮಿ ಹುಣ್ಣಿಮೆಯಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು, ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೂಜೆ ಮಾಡಿ ಅಲ್ಲೇ ಕೂತು ಉಣ್ಣುತ್ತಾರೆ. ಹೊರಗೆ ಕೂತು ಮನೆಯೂಟ ಉಣ್ಣುವ ಸುಖ ಇಲ್ಲಿ ಹಬ್ಬದ ಭಾಗವೇ ಆಗಿದೆ.

ಬೇರೆಡೆಯೂ ಇದೇ ಯೋಚನೆ ಬೇರೆ ಬೇರೆ ವೇಷ ತೊಟ್ಟಿದೆ. ಕೋಲ್ಕತ್ತಾದ ಕುಂಡು ಸ್ಪೆಷಲ್ ಎಂಬ ಪ್ರವಾಸ ಸಂಸ್ಥೆ 1933ರಿಂದ ಅಡುಗೆಯವರನ್ನು ಜೊತೆಗೆ ಕರೆದೊಯ್ದು ಬಂಗಾಳಿ ಕುಟುಂಬಗಳಿಗೆ ದೇಶವಿಡೀ ಮನೆಯೂಟ ಉಣಿಸಿತು. ಕರ್ನಾಟಕದ ಕಾಶಿ ಯಾತ್ರೆಯ ಬಸ್ಸುಗಳೂ ಅಕ್ಕಿ ಮೂಟೆ, ಬಾಣಸಿಗರ ಸಮೇತ ಹೊರಡುತ್ತವೆ. ಬ್ರಿಟನ್ನಿನ ಕಡಲತೀರದ ಊರುಗಳಲ್ಲಿ ಅಡುಗೆಮನೆ ಇರುವ ಕಾಟೇಜುಗಳನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ, ಅದಕ್ಕೆ ಸೆಲ್ಫ್ ಕೇಟರಿಂಗ್ ಎಂದು ಹೆಸರು.

ಕನ್ನಡದ ಮನೆಗಳಲ್ಲಿ ಅತಿ ಅಗ್ಗದ ಪ್ರವಾಸವೆಂದರೆ ನೆಂಟರ ಮನೆ. ಬೇಸಿಗೆ ರಜೆ, ದಸರಾ ರಜೆ ಎಂದರೆ ಅಜ್ಜಿ ಮನೆ. ಇಲ್ಲಿ ಬಾಡಿಗೆ ಇಲ್ಲ, ಒಲೆ ಇದೆ, ಪಾತ್ರೆ ಇದೆ. ಆದರೆ ಐವರು ನಾಲ್ಕು ದಿನ ಉಳಿದರೆ ಆ 60 ಎಲೆಯ ಭಾರ ನೆಂಟರ ಮೇಲೆ ಬೀಳುತ್ತದೆ. ಬರುವಾಗ ಹಣ್ಣು, ಸಿಹಿ ತರುವ ವಾಡಿಕೆಯ ಜೊತೆಗೆ ಅಕ್ಕಿ, ಬೇಳೆ, ಎಣ್ಣೆಯನ್ನೂ ತರುವುದು, ತರಕಾರಿಯನ್ನು ಬಂದವರೇ ಕೊಳ್ಳುವುದು, ದಿನಕ್ಕೊಂದು ಹೊತ್ತಿನ ಅಡುಗೆ ವಹಿಸಿಕೊಳ್ಳುವುದು ಮಾಡಿದರೆ ಮುಂದಿನ ವರ್ಷವೂ ಆ ಮನೆಯ ಬಾಗಿಲು ನಗುನಗುತ್ತಾ ತೆರೆಯುತ್ತದೆ.

ಬಿಡಾರ ಹಿಡಿಯುವಾಗ

ನೆಂಟರಿಲ್ಲದವರಿಗೆ ದಿನ ಬಾಡಿಗೆಯ ಮನೆ, ಸರ್ವಿಸ್ ಅಪಾರ್ಟ್‌ಮೆಂಟ್, ಅಡುಗೆಗೆ ಅವಕಾಶ ಕೊಡುವ ಹೋಂಸ್ಟೇ, ಸಮುದಾಯದ ಛತ್ರಗಳ ಕೋಣೆ ಇವೆ. ಮದುವೆಯ ದಿನಗಳಲ್ಲಿ ಛತ್ರಗಳು ಸಿಗವು. ಉಳಿದ ದಿನಗಳಲ್ಲಿ ಖಾಲಿ ಇರುವ ಕೋಣೆಗಳನ್ನು ಕಡಿಮೆ ದರಕ್ಕೆ ಕೊಡುವುದುಂಟು. ನಾಲ್ಕು ದಿಕ್ಕಿಗೂ ದಾರಿ ಹೋಗುವ ಊರಾದ್ದರಿಂದ ನೆಲೆಗೆ ಶಿವಮೊಗ್ಗವೇ ಅನುಕೂಲ. ಭದ್ರಾ ಜಲಾಶಯ ಮತ್ತು ಕಾಡಿನ ಕಡೆಗೇ ಮನಸ್ಸಿದ್ದವರು ಭದ್ರಾವತಿಯಲ್ಲಿ ಇಳಿಯಬಹುದು.

ಮುಂಗಡ ಕೊಡುವ ಮೊದಲು ಕೆಲವು ಸಂಗತಿ ಕೇಳಿ ತಿಳಿಯಬೇಕು. ಒಲೆ ಗ್ಯಾಸಿನದೋ ಕರೆಂಟಿನದೋ? ಗ್ಯಾಸಿಗೆ ಬೇರೆ ಹಣವೇ? ಪಾತ್ರೆ, ಫ್ರಿಜ್ಜು, ಕುಡಿಯುವ ನೀರಿನ ಫಿಲ್ಟರು ಇವೆಯೇ? ಮಾಂಸ, ಮೀನು ಬೇಯಿಸಬಹುದೇ? ಕೋಣೆಯ ದಿನ 24 ಗಂಟೆಯದೋ, ಮಧ್ಯಾಹ್ನ 12ಕ್ಕೆ ಮುಗಿಯುವುದೋ? ಕೊನೆಯ ಪ್ರಶ್ನೆ ಸಣ್ಣದೆನಿಸಿದರೂ ಸಂಜೆಯ ರೈಲಿಗೆ ಹೊರಡುವವರಿಗೆ ಒಂದು ದಿನದ ಬಾಡಿಗೆಯೇ ಅದರ ಮೇಲೆ ನಿಂತಿರುತ್ತದೆ.

ಇಂಡಕ್ಷನ್ ಒಲೆ ಹೊತ್ತೊಯ್ಯುವವರು ಗೋಡೆಯ ಪ್ಲಗ್ಗನ್ನೂ ವಿಚಾರಿಸಬೇಕು. ಮನೆಗಳ ಸಣ್ಣ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿಗೆ ಅದು ತಡೆಯುವುದು ಹೆಚ್ಚೆಂದರೆ 1,380 ವಾಟ್. ಇಂಡಕ್ಷನ್ ಒಲೆಗಳು 1,800ರಿಂದ 2,000 ವಾಟ್ ಎಳೆಯುತ್ತವೆ. ಅವಕ್ಕೆ ಗೀಸರಿಗೆ ಬಳಸುವಂಥ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. 700 ವಾಟಿನ ರೈಸ್ ಕುಕ್ಕರು ಸಣ್ಣ ಸಾಕೆಟ್ಟಿನಲ್ಲೂ ನಡೆಯುತ್ತದೆ. ಹಾಗಾಗಿ ಅನುಮಾನವಿದ್ದಲ್ಲಿ ಒಯ್ಯಬೇಕಾದದ್ದು ರೈಸ್ ಕುಕ್ಕರನ್ನೇ.

ಒಂದು ಚೀಲದ ದಿನಸಿ

ಏಳು ಹೊತ್ತಿನ ಅಡುಗೆಯಲ್ಲಿ ಅನ್ನದ ಹೊತ್ತು ನಾಲ್ಕು, ತಿಂಡಿಯ ಹೊತ್ತು ಮೂರು. ಹೊತ್ತಿಗೆ ಅರ್ಧ ಕೆ.ಜಿ. ಅಕ್ಕಿಯಂತೆ ಐವರಿಗೆ 2 ಕೆ.ಜಿ. ಸಾಕು. ತೊಗರಿಬೇಳೆ ಅರ್ಧ ಕೆ.ಜಿ., ಅವಲಕ್ಕಿ ಅರ್ಧ ಕೆ.ಜಿ., ಉಪ್ಪಿಟ್ಟಿನ ರವೆ ಅರ್ಧ ಕೆ.ಜಿ., ಶಾವಿಗೆಯ ಒಂದು ಪೊಟ್ಟಣ, ಎಣ್ಣೆ ಅರ್ಧ ಲೀಟರ್. ಇವುಗಳ ಜೊತೆಗೆ ಮನೆಯಲ್ಲೇ ಮಾಡಿದ ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ. ಹುಣಿಸೆಹಣ್ಣು, ಬೆಲ್ಲ, ಉಪ್ಪು, ಒಗ್ಗರಣೆಯ ಸಾಮಾನು ಸಣ್ಣ ಡಬ್ಬಿಗಳಲ್ಲಿ. ಎಲ್ಲ ಸೇರಿ ಆರೇಳು ಕೆ.ಜಿ. ಮೀರದು. ಒಳಡಬ್ಬಿಗಳಿರುವ 5 ಲೀಟರಿನ ಒಂದು ಕುಕ್ಕರಿದ್ದರೆ ಅನ್ನ, ಬೇಳೆ ಒಂದೇ ಸಲಕ್ಕೆ ಬೇಯುತ್ತವೆ. ಒಂದು ಬಾಣಲೆ, ಒಂದು ಚಾಕು, ಒಂದು ಸೌಟು, ಒಂದು ಫ್ಲಾಸ್ಕು. ಇದಕ್ಕಿಂತ ಹೆಚ್ಚಿನದು ಹೊರೆ.

ಬೇಗ ಕೆಡುವುದನ್ನು, ಭಾರವಾದುದನ್ನು ಊರಲ್ಲೇ ಕೊಳ್ಳಬೇಕು: ತರಕಾರಿ, ತೆಂಗಿನಕಾಯಿ, ಹಣ್ಣು, ಹಾಲು, ಮೊಸರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದಿನಸಿಯಿಂದ ಹೂವಿನವರೆಗೆ ಎಲ್ಲವೂ ಒಂದೇ ಓಣಿಯ ಆಸುಪಾಸಿನಲ್ಲಿ ಸಿಗುತ್ತವೆ. ನಂದಿನಿ ಹಾಲಿಗೆ ಯೋಚನೆಯೇ ಬೇಡ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟದ ಡೇರಿ ಇರುವುದು ಇವೆರಡು ಊರುಗಳ ನಡುವಿನ ಮಾಚೇನಹಳ್ಳಿಯಲ್ಲೇ. ಮಂಡಕ್ಕಿ ಈ ಸೀಮೆಯ ದೊಡ್ಡ ಆಸರೆ. ಹೆಚ್ಚಿದ ಈರುಳ್ಳಿ, ಟೊಮೆಟೊ, ಖಾರದ ಪುಡಿ, ಹಸಿ ಎಣ್ಣೆ ಕಲಸಿದರೆ ಒಲೆ ಹಚ್ಚದೆ ಸಂಜೆಯ ತಿಂಡಿ ಮುಗಿಯುತ್ತದೆ. ಅಡಿಕೆ ಸೀಮೆಯಾದ್ದರಿಂದ ಅಡಿಕೆ ಹಾಳೆಯ ತಟ್ಟೆಗಳೂ ಇಲ್ಲಿ ಹೇರಳ. ಬುತ್ತಿ ಉಂಡ ಮೇಲೆ ತೊಳೆಯುವ ಕೆಲಸವಿಲ್ಲ, ಎಸೆದರೆ ಮಣ್ಣಾಗುತ್ತದೆ.

ಮಲೆನಾಡಿನ ತಿನಿಸೆಲ್ಲ ಪ್ರವಾಸದ ಒಲೆಗೆ ಹೊಂದವು. ಮಳೆಗಾಲದಲ್ಲಿ ಸಿಗುವ ಕಳಲೆ, ಅಂದರೆ ಎಳೆ ಬಿದಿರನ್ನು, ಹೆಚ್ಚಿ ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಸಿದ ಮೇಲೆಯೇ ಬೇಯಿಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ವಿಷದ ಅಂಶವಿರುತ್ತದೆ. ನಾಲ್ಕು ದಿನದ ಅತಿಥಿಗೆ ಅದು ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ ಉಣ್ಣುವ ಪದಾರ್ಥ.

ರೈಲು, ಬಸ್ಸು, ಸಿಲಿಂಡರು

ಬೀರೂರಿನಿಂದ ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಇಂದು ಬೆಂಗಳೂರು, ಮೈಸೂರುಗಳಿಂದ ನೇರ ರೈಲುಗಳಿವೆ. ಕಾಯ್ದಿರಿಸದ ಬೋಗಿಯಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 5ರಿಂದ 12ರವರಿಗೆ ಅರ್ಧ. ಕಾಯ್ದಿರಿಸಿದ ಬೋಗಿಯಲ್ಲಿ ಮಗುವಿಗೆ ಬೇರೆ ಬರ್ತು ಬೇಕೆಂದರೆ ಪೂರ್ತಿ ದರ. ಸ್ಲೀಪರ್ ದರ್ಜೆಯಲ್ಲಿ ತಲೆಗೆ 40 ಕೆ.ಜಿ., ಎರಡನೇ ದರ್ಜೆಯಲ್ಲಿ 35 ಕೆ.ಜಿ. ಸಾಮಾನನ್ನು ಉಚಿತವಾಗಿ ಒಯ್ಯಬಹುದಾದ್ದರಿಂದ ದಿನಸಿ ಚೀಲಕ್ಕೆ ಅಡ್ಡಿಯಿಲ್ಲ.

ಬಸ್ಸಿನ ಲೆಕ್ಕವನ್ನು ಬದಲಿಸಿದ್ದು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ. ಕರ್ನಾಟಕದ ನಿವಾಸಿ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ಅಮ್ಮ, ಅಜ್ಜಿ, ಮಗಳು ಇರುವ ಐವರ ಸಂಸಾರದಲ್ಲಿ ಮೂವರಿಗೆ ಶೂನ್ಯ ಟಿಕೆಟ್. ಆದರೆ ಶಿವಮೊಗ್ಗ ಜಿಲ್ಲೆ ಹಿಂದಿನಿಂದಲೂ ಖಾಸಗಿ ಬಸ್ಸುಗಳ ಸೀಮೆ. ಅವುಗಳಲ್ಲಿ ಎಲ್ಲರೂ ಟಿಕೆಟ್ ಕೊಳ್ಳಬೇಕು. ನಿಲ್ದಾಣದಲ್ಲಿ ಮೊದಲು ಬಂದ ಬಸ್ಸಿಗೆ ಹತ್ತಬೇಕೋ, ಕೆಂಪು ಬಸ್ಸಿಗೆ ಕಾಯಬೇಕೋ ಎಂಬುದನ್ನು ಹಣ ಮತ್ತು ಹೊತ್ತು ಎರಡನ್ನೂ ತೂಗಿ ತೀರ್ಮಾನಿಸಬೇಕು.

ಎಷ್ಟೇ ಉಳಿತಾಯವಾದರೂ ಮಾಡಬಾರದ ಕೆಲಸ ಒಂದಿದೆ. ಗ್ಯಾಸ್ ಸಿಲಿಂಡರು, ಸೀಮೆಎಣ್ಣೆ, ಸ್ಟೌಗಳನ್ನು ರೈಲಿನಲ್ಲಿ ಒಯ್ಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಂತೆ ಅದಕ್ಕೆ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. 2023ರ ಆಗಸ್ಟ್ 26ರಂದು ಮದುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಹತ್ತಿ 9 ಮಂದಿ ತೀರಿಕೊಂಡರು. ಅಡುಗೆಗೆಂದು ನಿಯಮ ಮೀರಿ ಒಯ್ದಿದ್ದ ಸಿಲಿಂಡರು ಅದಕ್ಕೆ ಕಾರಣವಾಗಿತ್ತು. ಗುರುತಿನ ಚೀಟಿ ತೋರಿಸಿದರೆ 5 ಕೆ.ಜಿ.ಯ ಪುಟ್ಟ ಸಿಲಿಂಡರು ಯಾವ ಊರಲ್ಲೂ ಸಿಗುತ್ತದೆ ನಿಜ. ಆದರೆ ನಾಲ್ಕು ದಿನ ಬಳಸಿ ಉಳಿದದ್ದನ್ನು ಮರಳಿ ಒಯ್ಯಲು ದಾರಿಯಿಲ್ಲ. ಆದ್ದರಿಂದ ಒಲೆ ಬಿಡಾರದಲ್ಲೇ ಇರಬೇಕು, ಚೀಲದಲ್ಲಿ ದಿನಸಿ ಮಾತ್ರ.

ಮೊದಲ ದಿನ: ಊರೊಳಗೆ

ಬಂದಿಳಿದ ದಿನ ದೂರ ಹೋಗುವುದು ಬೇಡ. ಬಿಡಾರದಲ್ಲಿ ಚೀಲ ಇಳಿಸಿ, ತಂದ ಬುತ್ತಿ ಉಂಡು, ಬಿಸಿಲು ತಗ್ಗಿದ ಮೇಲೆ ಊರು ನೋಡಬಹುದು. ತುಂಗೆಯ ದಂಡೆಯ ಶಿವಪ್ಪನಾಯಕನ ಅರಮನೆ ಮರದ ಕಂಬಗಳ, ಎರಡಂತಸ್ತಿನ ಕಟ್ಟಡ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಸುತ್ತಲಿನ ಊರುಗಳಿಂದ ತಂದ ಶಿಲ್ಪ, ವೀರಗಲ್ಲು, ಶಾಸನಗಳನ್ನು ಅಲ್ಲಿ ಇಡಲಾಗಿದೆ. 1645ರಿಂದ 1660ರವರೆಗೆ ಕೆಳದಿಯನ್ನಾಳಿದ ಶಿವಪ್ಪನಾಯಕ ಹೊಲದ ಗುಣ ಮತ್ತು ಇಳುವರಿ ನೋಡಿ ಕಂದಾಯ ನಿಗದಿ ಮಾಡಿದ್ದಕ್ಕೆ ಹೆಸರಾದವನು. ಅದಕ್ಕೆ ಶಿವಪ್ಪನಾಯಕನ ಶಿಸ್ತು ಎಂದೇ ಹೆಸರು. ಕೈಗೆ ಬರುವುದೆಷ್ಟು ಎಂದು ಅಳೆದು ಆಮೇಲೆ ಖರ್ಚಿಗೆ ಕೈಹಾಕುವವರು ಮೊದಲು ನೋಡಲು ತಕ್ಕ ಜಾಗ ಅದು.

ಹತ್ತಿರದಲ್ಲೇ ಕೋಟೆ ಆಂಜನೇಯನ ಗುಡಿ, ಊರ ನಡುವೆ ಸೇಕ್ರೆಡ್ ಹಾರ್ಟ್ ಚರ್ಚು, ಹಳೆಯ ಜೈಲಿನ ಜಾಗದಲ್ಲಿ ಮೈದಾಳಿದ ಫ್ರೀಡಂ ಪಾರ್ಕ್ ಇವೆ. ಮರಳುವ ದಾರಿಯಲ್ಲಿ ಗಾಂಧಿ ಬಜಾರಿನಲ್ಲಿ ಮರುದಿನದ ತರಕಾರಿ ಕೊಂಡರೆ ಕೆಲಸವೂ ಆಯಿತು, ತಿರುಗಾಟವೂ ಆಯಿತು. ರಾತ್ರಿಗೆ ಬಿಸಿ ಅನ್ನ, ತಿಳಿಸಾರು, ಹಪ್ಪಳ. ಪ್ರಯಾಣದ ದಣಿವಿಗೆ ಇದಕ್ಕಿಂತ ಹಿತವಾದುದು ಹೋಟೆಲಿನಲ್ಲಿ ಸಿಗದು.

ಎರಡನೇ ದಿನ: ತೀರ್ಥಹಳ್ಳಿ ರಸ್ತೆ

ತೀರ್ಥಹಳ್ಳಿ ರಸ್ತೆಯಲ್ಲಿ ನೋಡುವ ಜಾಗಗಳು ಒಂದರ ಹಿಂದೊಂದು ಸಾಲಾಗಿವೆ. ಸುಮಾರು 12 ಕಿ.ಮೀ.ಗೆ ಗಾಜನೂರಿನ ತುಂಗಾ ಅಣೆಕಟ್ಟೆ, 14 ಕಿ.ಮೀ.ಗೆ ಸಕ್ರೆಬೈಲಿನ ಆನೆ ಬಿಡಾರ, 30 ಕಿ.ಮೀ. ಆಸುಪಾಸಿನಲ್ಲಿ ಮಂಡಗದ್ದೆ. ಇಲ್ಲಿ ಹೊತ್ತೇ ಮುಖ್ಯ. ಸಕ್ರೆಬೈಲಿನಲ್ಲಿ ಆನೆಗಳು ನೋಡಸಿಗುವುದು ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ. ಆಮೇಲೆ ಅವನ್ನು ಶೆಟ್ಟಿಹಳ್ಳಿ ಕಾಡಿಗೆ ಮೇಯಲು ಬಿಡುತ್ತಾರೆ. ಆದ್ದರಿಂದ ಬೆಳಗಿನ ತಿಂಡಿ ಬೇಗ ಆಗುವಂಥದ್ದೇ ಇರಬೇಕು.

ಗೊಜ್ಜವಲಕ್ಕಿ ಇದಕ್ಕೆ ಸರಿಯಾದ ಜೊತೆ. ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ಮಿಕ್ಸಿಯಲ್ಲಿ ತರಿಯಾಗಿ ಪುಡಿ ಮಾಡಿ ತಂದಿರಬೇಕು. ಹುಣಿಸೆ ರಸಕ್ಕೆ ಬೆಲ್ಲ, ಉಪ್ಪು, ಸಾರಿನ ಪುಡಿ ಕದಡಿ, ಆ ನೀರನ್ನು ತರಿಯ ಮೇಲೆ ಹೊಯ್ದು ಮುಚ್ಚಿಟ್ಟರೆ ಮಕ್ಕಳ ಸ್ನಾನ ಮುಗಿಯುವಷ್ಟರಲ್ಲಿ ಅವಲಕ್ಕಿ ನೀರು ಹೀರಿ ಅರಳಿರುತ್ತದೆ. ಸಾಸಿವೆ, ಕಡಲೆಬೀಜ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು, ಕೊಬ್ಬರಿ ತುರಿ ಉದುರಿಸಿ ಬೆರಳಲ್ಲಿ ಉದುರುದುರಾಗಿ ಬಿಡಿಸಿದರೆ ಮುಗಿಯಿತು. ಬೆಂಕಿ ಬೇಕಾದದ್ದು ಒಗ್ಗರಣೆಯ ಎರಡು ನಿಮಿಷಕ್ಕೆ ಮಾತ್ರ. ಪಕ್ಕದ ಕುಕ್ಕರಿನಲ್ಲಿ ಆ ಹೊತ್ತಿಗೆ ಮಧ್ಯಾಹ್ನದ ಬುತ್ತಿಯ ಅನ್ನ ಬೆಂದಿರುತ್ತದೆ.

ಸಕ್ರೆಬೈಲಿನಲ್ಲಿ ಆನೆಗಳನ್ನು ತುಂಗೆಯ ಹಿನ್ನೀರಿಗೆ ಇಳಿಸಿ, ಮಲಗಿಸಿ, ಮಾವುತರು ಮೈ ಉಜ್ಜುತ್ತಾರೆ. ಮರಿಯಾನೆ ಇದ್ದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಸ್ನಾನದ ಮೇಲೆ ಆನೆಗೂ ಬುತ್ತಿಯಿದೆ: ಭತ್ತ, ಬೆಲ್ಲ, ತೆಂಗಿನಕಾಯಿಯನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಮುಟಿಗೆಯನ್ನು ಮಾವುತರು ಬಾಯಿಗಿಡುತ್ತಾರೆ. ಅಲ್ಲಿಂದ ಮುಂದೆ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ರಸ್ತೆ ಬದಿಯಿಂದಲೇ ಕಾಣುವ ಈ ನೋಟ ಮಳೆಗಾಲದ್ದು. ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಬರೀ ಮರ.

ಇದೇ ದಿನದ ಸಂಜೆ ಅಥವಾ ಮತ್ತೊಂದು ಬೆಳಿಗ್ಗೆ ಸಾಗರ ರಸ್ತೆಯ ತ್ಯಾವರೆಕೊಪ್ಪಕ್ಕೆ ಹೋಗಬಹುದು. ನಗರದಿಂದ ಸುಮಾರು 10 ಕಿ.ಮೀ. ದೂರದ ಹುಲಿ-ಸಿಂಹಧಾಮವಿದು. ಸಫಾರಿಗೆ ತಲೆಗೆ ಲೆಕ್ಕ ಹಾಕಿ ಟಿಕೆಟ್ ಇರುವುದರಿಂದ ಇಡೀ ಪ್ರವಾಸದ ದೊಡ್ಡ ಪ್ರವೇಶ ಶುಲ್ಕ ಇದೇ ಆಗುತ್ತದೆ. ಊಟದಲ್ಲಿ ಉಳಿದ ಹಣ ಉಪಯೋಗಕ್ಕೆ ಬರುವುದು ಇಂಥಲ್ಲಿ. ಮಂಗಳವಾರ ರಜೆ ಇರುವುದನ್ನು ಮರೆಯಬಾರದು.

ಮೂರನೇ ದಿನ: ಭದ್ರಾವತಿ, ಕೂಡ್ಲಿ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿ ಎಂಬ ಮುನಿಯಿಂದ ವಂಕಿಪುರವಾಗಿ, ಬಾಯಿಂದ ಬಾಯಿಗೆ ಬೆಂಕಿಪುರವಾಯಿತೆಂದು ಸ್ಥಳಪುರಾಣ. ಹಳೆಯೂರಿನ ಲಕ್ಷ್ಮೀನರಸಿಂಹ ಗುಡಿ 13ನೇ ಶತಮಾನದ ಹೊಯ್ಸಳ ಕಟ್ಟಡ, ಮೂರು ಗರ್ಭಗುಡಿಗಳ ತ್ರಿಕೂಟ. ಬೇಲೂರು, ಹಳೇಬೀಡಿನ ನೂಕುನುಗ್ಗಲಿಲ್ಲದೆ, ಗೈಡಿನ ಖರ್ಚಿಲ್ಲದೆ ನಕ್ಷತ್ರಾಕಾರದ ಜಗತಿಯ ಮೇಲೆ ಮಕ್ಕಳು ಸುತ್ತು ಹಾಕಬಹುದು.

ಬೆಂಕಿಪುರ ಎಂಬ ಹೆಸರು ಮತ್ತೆ ನಿಜವಾದದ್ದು ಕಬ್ಬಿಣದ ಕಾರ್ಖಾನೆಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯಲು ಶುರುವಾದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಉರುವಲು ಮಲೆನಾಡಿನ ಕಾಡಿನ ಇದ್ದಿಲು. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿತು. ಕೆಲಸ ಹುಡುಕಿ ಬಂದ ತಮಿಳು, ತೆಲುಗು, ಮಲಯಾಳದ ಕುಟುಂಬಗಳು ಇಲ್ಲೇ ನೆಲೆಸಿದ್ದರಿಂದ ಊರಿನ ಮಾತಿನಲ್ಲೂ ಅಡುಗೆಯಲ್ಲೂ ಬೆರಕೆಯ ರುಚಿಯಿದೆ. ಕಾರ್ಖಾನೆಯ ಒಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲದಿದ್ದರೂ, ಮರಗಳ ಸಾಲಿನ ಹಳೆಯ ಕ್ವಾರ್ಟರ್ಸುಗಳ ರಸ್ತೆಯಲ್ಲಿ ನಡೆದರೆ ಒಂದು ಕೈಗಾರಿಕಾ ಊರು ಹೇಗೆ ಕಟ್ಟಲ್ಪಟ್ಟಿತೆಂದು ತಿಳಿಯುತ್ತದೆ.

ಹೊತ್ತಿದ್ದವರು ಭದ್ರಾವತಿಯಿಂದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಕಡೆಗೆ ಹೋಗಬಹುದು. ಬುತ್ತಿ ಬಿಚ್ಚಲು ಮಾತ್ರ ಕೂಡ್ಲಿಯೇ ಸೊಗಸು. ಶಿವಮೊಗ್ಗದಿಂದ ಸುಮಾರು 16 ಕಿ.ಮೀ. ದೂರದಲ್ಲಿ, ಹೊಳೆಹೊನ್ನೂರಿನ ಹತ್ತಿರ, ತುಂಗೆ ಮತ್ತು ಭದ್ರೆ ಕೂಡಿ ತುಂಗಭದ್ರೆಯಾಗುವುದು ಇಲ್ಲಿ. ಸಂಗಮದ ಮೂಲೆಯಲ್ಲಿ ಪುಟ್ಟ ನಂದಿ, ದಂಡೆಯಲ್ಲಿ ಹೊಯ್ಸಳ ಕಾಲದ ರಾಮೇಶ್ವರ, ಸಂಗಮೇಶ್ವರ ಗುಡಿಗಳು, ಪಕ್ಕದಲ್ಲೇ ಹಳೆಯ ಮಠಗಳು. ಮೂರು ದಿನದಲ್ಲಿ ಬೇರೆ ಬೇರೆಯಾಗಿ ನೋಡಿದ ಎರಡು ಹೊಳೆಗಳು ಇಲ್ಲಿ ಒಂದಾಗುವುದನ್ನು ಮಕ್ಕಳಿಗೆ ತೋರಿಸಲು ಭೂಗೋಳದ ಪುಸ್ತಕ ಬೇಡ, ಟಿಕೆಟ್ಟೂ ಬೇಡ.

ಜೋಗ ಈ ನಾಲ್ಕು ದಿನದಲ್ಲಿ ಸೇರದಿದ್ದರೆ ಒಳಿತು. ಶಿವಮೊಗ್ಗದಿಂದ ಸುಮಾರು 100 ಕಿ.ಮೀ. ದೂರ. ತಾಳಗುಪ್ಪದವರೆಗೆ ರೈಲು, ಮುಂದೆ ಬಸ್ಸು. ಹೋಗಿ ಬರುವುದರಲ್ಲೇ ದಿನ ಕಳೆದು ಹಿರಿಯರೂ ಮಕ್ಕಳೂ ಬಳಲುತ್ತಾರೆ. ಸಾಗರದಲ್ಲಿ ಬೇರೊಂದು ಬಿಡಾರ ಹಿಡಿದು ಜೋಗ, ಇಕ್ಕೇರಿ, ಕೆಳದಿಗಳನ್ನು ಒಟ್ಟಿಗೆ ನೋಡುವುದು ಮುಂದಿನ ರಜೆಯ ಕೆಲಸ.

ಬುತ್ತಿ ಕೆಡದಂತೆ

ಬೆಳಿಗ್ಗೆ ಏಳಕ್ಕೆ ಕಟ್ಟಿದ ಬುತ್ತಿ ಮಧ್ಯಾಹ್ನ ಒಂದರವರೆಗೆ ಕೆಡದೆ ಇರಬೇಕು. ಹುಳಿ ಮತ್ತು ಎಣ್ಣೆ ಕಾಯುತ್ತವೆ, ಹಸಿ ತೆಂಗಿನಕಾಯಿ ಕೆಡಿಸುತ್ತದೆ. ಪುಳಿಯೋಗರೆ ಬುತ್ತಿಗಳ ರಾಜನಾದದ್ದು ಹುಣಿಸೆ ಮತ್ತು ಎಣ್ಣೆಯ ಬಲದಿಂದ. ಚಿತ್ರಾನ್ನಕ್ಕೆ ಕಾಯಿತುರಿ ಹಾಕದಿದ್ದರೆ ಅದೂ ನಿಲ್ಲುತ್ತದೆ. ಕಾಯಿ ಚಟ್ನಿ ಬಿಟ್ಟು ಚಟ್ನಿಪುಡಿ ಒಯ್ಯಬೇಕು. ಬಿಸಿ ಅನ್ನವನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಹಬೆ ನೀರಾಗಿ ಅನ್ನ ಹಳಸುತ್ತದೆ. ತಟ್ಟೆಯಲ್ಲಿ ಹರವಿ ಆರಿಸಿ ತುಂಬಬೇಕು.

ಮೊಸರನ್ನಕ್ಕೆ ಅಜ್ಜಿಯರ ಹಳೆಯ ಚಮತ್ಕಾರವೊಂದಿದೆ. ಮೆತ್ತಗೆ ಬೆಂದ ಅನ್ನ ಉಗುರು ಬೆಚ್ಚಗಾದ ಮೇಲೆ ಅದಕ್ಕೆ ಕಾಯಿಸಿದ ಹಾಲು ಧಾರಾಳವಾಗಿ ಹೊಯ್ದು, ಒಂದೇ ಚಮಚ ಮೊಸರು ಹಾಕಿ ಕಲಸುವುದು. ಬಸ್ಸಿನಲ್ಲಿ ಕೂತು ಹೋಗುವ ಹೊತ್ತಿನಲ್ಲೇ ಹಾಲು ಡಬ್ಬಿಯೊಳಗೆ ಹೆಪ್ಪಾಗುತ್ತದೆ. ಕೂಡ್ಲಿಯ ಮೆಟ್ಟಿಲ ಮೇಲೆ ಮುಚ್ಚಳ ತೆಗೆದಾಗ ಹುಳಿಯಾಗದ, ಆಗತಾನೇ ಆದ ಮೊಸರನ್ನ ಸಿದ್ಧ. ಮೊದಲೇ ಮೊಸರು ತುಂಬ ಹಾಕಿ ಕಲಸಿದ್ದಾದರೆ ಅಷ್ಟೊತ್ತಿಗೆ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿರುತ್ತಿತ್ತು. ಅಪ್ಪೆಮಿಡಿಯ ಒಂದು ಉಪ್ಪಿನಕಾಯಿ ಜೊತೆಗಿದ್ದರೆ ಮತ್ತೇನೂ ಬೇಡ.

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತಿದ್ದರೂ ಊರುಗಳ ಕೊಳೆ ಸೇರುವ ಇಂದಿನ ತುಂಗೆಯ ನೀರನ್ನು ಹಾಗೇ ಕುಡಿಯಬಾರದು. ಬಿಡಾರದಲ್ಲೇ ಕುದಿಸಿ ಆರಿಸಿದ ನೀರನ್ನು ಬಾಟಲಿಗಳಲ್ಲಿ ಒಯ್ದರೆ ಆರೋಗ್ಯವೂ ಉಳಿಯುತ್ತದೆ, ದಿನಕ್ಕೆ ನಾಲ್ಕೈದು ಬಾಟಲಿ ನೀರಿನ ಹಣವೂ ಉಳಿಯುತ್ತದೆ. ಗುಡಿ, ಅಣೆಕಟ್ಟೆಗಳ ಬಳಿ ಕೋತಿಗಳಿದ್ದರೆ ಬುತ್ತಿ ಚೀಲ ಹೆಗಲಿಂದ ಇಳಿಯಬಾರದು. ಉಂಡ ಜಾಗದಲ್ಲಿ ಪ್ಲಾಸ್ಟಿಕ್ ಬಿಡಬಾರದು. ಕಾಡಿನಂಚಿನಲ್ಲಿ ಅದನ್ನು ಜಿಂಕೆ, ಆನೆಗಳೂ ತಿನ್ನುತ್ತವೆ.

ಅಡುಗೆಯವರಿಗೂ ರಜೆ

ಈ ಬಗೆಯ ಪ್ರವಾಸದ ದೊಡ್ಡ ದೋಷ ಹಣದ್ದಲ್ಲ. ಹೋಟೆಲಿಗೆ ಕೊಡದೆ ಉಳಿದ ದುಡ್ಡು ಯಾರೋ ಒಬ್ಬರ ದುಡಿಮೆಯಿಂದ ಬಂದಿರುತ್ತದೆ. ಸಾಮಾನ್ಯವಾಗಿ ಆ ಒಬ್ಬರು ಮನೆಯಾಕೆ. ವರ್ಷವಿಡೀ ಒಲೆ ಮುಂದೆ ನಿಂತವಳು ರಜೆಯಲ್ಲೂ ಬೇರೊಂದು ಊರಿನ ಒಲೆ ಮುಂದೆ ನಿಂತರೆ ಪ್ರವಾಸ ಮಾಡಿದವರು ಉಳಿದ ನಾಲ್ವರು ಮಾತ್ರ.

ಹೊರಡುವ ಮೊದಲೇ ಏಳು ಹೊತ್ತನ್ನು ಹಂಚಿಕೊಳ್ಳುವುದು ಇದಕ್ಕೆ ಪರಿಹಾರ. ಬೆಳಗಿನ ಕಾಫಿ, ತಿಂಡಿ ಗಂಡಸರ ಪಾಲು. ಗೊಜ್ಜವಲಕ್ಕಿ, ಉಪ್ಪಿಟ್ಟು, ಶಾವಿಗೆಗೆ ಯಾವ ಪರಿಣತಿಯೂ ಬೇಡ. ತರಕಾರಿ ತರುವುದು, ಅವರೆಕಾಯಿ ಬಿಡಿಸುವುದು, ತಟ್ಟೆ ತೊಳೆಯುವುದು ಮಕ್ಕಳಿಗೆ. ಅಜ್ಜಿಗೆ ರುಚಿ ನೋಡುವ ಅಧಿಕಾರ. ರಾತ್ರಿ ಒಂದೇ ಸಾರು, ಒಂದೇ ಪಲ್ಯ ಎಂಬ ನಿಯಮವಿದ್ದರೆ ಅರ್ಧ ಗಂಟೆಯಲ್ಲಿ ಅಡುಗೆ ಮುಗಿಯುತ್ತದೆ. ಪುಡಿ, ಗೊಜ್ಜು, ಹುರಿದ ರವೆ ಎಲ್ಲವನ್ನೂ ಹಿಂದಿನ ವಾರವೇ ಮನೆಮಂದಿ ಸೇರಿ ಸಿದ್ಧಮಾಡಿಕೊಂಡರೆ ಬಿಡಾರದಲ್ಲಿ ಉಳಿಯುವುದು ಕಲಸುವ ಕೆಲಸ. ಹೋಟೆಲಿನ ಎರಡು ಹೊತ್ತಿನಲ್ಲಿ ಏನು ತಿನ್ನಬೇಕೆಂಬ ಆಯ್ಕೆ ಹೆಚ್ಚು ಅಡುಗೆ ಮಾಡಿದವರದ್ದಾಗಿರಲಿ.

ಯಾವಾಗ ಹೊರಡುವುದು

ಅಕ್ಟೋಬರಿನಿಂದ ಜನವರಿವರೆಗೆ ಹೊಳೆ ತುಂಬಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ದಸರಾ ರಜೆಯ ಮೊದಲ ವಾರ ಬಿಡಾರದ ಬಾಡಿಗೆ ಏರುವುದರಿಂದ ಒಂದೆರಡು ವಾರ ಮೊದಲೇ ಮಾತಾಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆಯಿದ್ದರೂ ಮಾವು, ಹಲಸಿನ ಕಾಲ. ಬುತ್ತಿ ಬೇಗ ಕೆಡುವುದರಿಂದ ಪುಳಿಯೋಗರೆಗೇ ಅಂಟಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಡಗದ್ದೆಯ ಹಕ್ಕಿಗಳಿಗೆ, ತುಂಬಿದ ಅಣೆಕಟ್ಟೆಗಳಿಗೆ ಒಳ್ಳೆಯ ಕಾಲ. ಕೊಡೆ, ಒಣಬಟ್ಟೆಯ ಜೊತೆ ಬುತ್ತಿ ಉಣ್ಣಲು ಸೂರಿರುವ ಜಾಗ ನೋಡಿಟ್ಟುಕೊಳ್ಳಬೇಕು.

ಯಾವ ಕಾಲದಲ್ಲೂ ಹೊಳೆಯ ವಿಷಯದಲ್ಲಿ ಸಲಿಗೆ ಸಲ್ಲದು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ತುಂಗೆ, ಭದ್ರೆಗಳ ಮಟ್ಟ ಹಠಾತ್ತನೆ ಏರುತ್ತದೆ. ಸಂಗಮದಲ್ಲಿ ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳವಿರುತ್ತದೆ. ಕಾಲು ತೊಳೆಯುವ ಮೆಟ್ಟಿಲಿಗಿಂತ ಕೆಳಗೆ ಮಕ್ಕಳನ್ನು ಇಳಿಸಬಾರದು.

ನಾಲ್ಕನೇ ದಿನ ಬೆಳಿಗ್ಗೆ ಡಬ್ಬಿಗಳಲ್ಲಿ ಉಳಿದ ಶಾವಿಗೆ, ತರಕಾರಿ ಸೇರಿಸಿ ಕೊನೆಯ ತಿಂಡಿ ಮುಗಿಸಿ, ಒಲೆ ಒರೆಸಿ, ಪಾತ್ರೆ ತೊಳೆದು, ಗ್ಯಾಸಿನ ಕಿವಿ ತಿರುಗಿಸಿ ಬೀಗದ ಕೈ ಒಪ್ಪಿಸಬೇಕು. ಬರುವಾಗ ತುಂಬಿದ್ದ ದಿನಸಿ ಚೀಲ ಈಗ ಖಾಲಿ. ಗಾಂಧಿ ಬಜಾರಿನ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಗೆ, ಮಂಡಕ್ಕಿಯ ಪೊಟ್ಟಣಕ್ಕೆ ಅದರಲ್ಲಿ ಜಾಗವಿರುತ್ತದೆ.